ಮಧ್ಯಾಹ್ನದ ಕರೆಂಟ್, ಸಂಜೆಯ ಕರೆಂಟ್: ಸೋಲಾರ್ ಲೆಕ್ಕ ರಾಯಚೂರಿನಿಂದ ನೋಡಿದಾಗ

2025ರ ಜೂನ್ ಮುಗಿಯುವ ಹೊತ್ತಿಗೆ ದೇಶದ ಕರೆಂಟ್ ಉತ್ಪಾದನೆಯ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಸುಡದ ಮೂಲಗಳದ್ದಾಯಿತು. 2030ರೊಳಗೆ ಮುಟ್ಟುತ್ತೇವೆ ಎಂದು ಜಗತ್ತಿಗೆ ಮಾತು ಕೊಟ್ಟಿದ್ದ ಗುರಿ ಇದು. ಐದು ವರ್ಷ ಮೊದಲೇ ಸಿಕ್ಕಿತು. ಆ ವರ್ಷ ಜನವರಿಯಲ್ಲೇ ಸೋಲಾರ್ ಒಂದೇ 1 ಲಕ್ಷ ಮೆಗಾವಾಟ್ ದಾಟಿತ್ತು. ಅದೇ ತಿಂಗಳುಗಳಲ್ಲಿ ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲಿನ ಗೂಡ್ಸ್ ಗಾಡಿಗಳು ಎಂದಿನಂತೆ ಬರುತ್ತಲೇ ಇದ್ದವು. ಎರಡೂ ನಿಜವೇ. ಒಂದು ಕಡೆ ಅರ್ಧ ದಾಟಿದ್ದೇವೆ ಎನ್ನುವ ಸಂಭ್ರಮ, ಇನ್ನೊಂದು ಕಡೆ ಆರದ ಬಾಯ್ಲರ್. ಇವೆರಡೂ ಒಟ್ಟಿಗೆ ಹೇಗೆ ಇರಲು ಸಾಧ್ಯ ಎಂದು ಕೇಳಿದರೆ ದೇಶದ ಸೋಲಾರ್ ಕತೆ ಅರ್ಧ ಅರ್ಥವಾದ ಹಾಗೆ.

ರಾಯಚೂರು, ಬಳ್ಳಾರಿ, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳಿಂದ ಇದನ್ನು ನೋಡುವುದಕ್ಕೆ ಕಾರಣವಿದೆ. ಕರ್ನಾಟಕ ವಿದ್ಯುತ್ ನಿಗಮದ ಕಲ್ಲಿದ್ದಲು ಸ್ಥಾವರಗಳೆಲ್ಲ ರಾಯಚೂರು ಮತ್ತು ಬಳ್ಳಾರಿಯಲ್ಲೇ ಇವೆ. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವಾಟ್, ಅದರ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಕುಡತಿನಿಯ ಬಿಟಿಪಿಎಸ್ 1,700. ಯರಮರಸ್‌ನ ವೈಟಿಪಿಎಸ್ 1,600. ಒಟ್ಟು 5,020 ಮೆಗಾವಾಟ್. ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆಗಳು ಎಂದು ಭಾಷಣದಲ್ಲಿ ಹೊಗಳುತ್ತಾರಲ್ಲ, ಆ ಹೊಗಳಿಕೆಯ ಹಿಂದೆ ಇರುವುದು ಇಷ್ಟು ಕಲ್ಲಿದ್ದಲು, ಇಷ್ಟು ಬೂದಿ. ಈಗ ಅದೇ ಜಿಲ್ಲೆಗಳ ಬಿಸಿಲಿನ ಮೇಲೂ ಗಾಳಿಯ ಮೇಲೂ ಕಂಪನಿಗಳ ಕಣ್ಣು ಬಿದ್ದಿದೆ. ಕೊಪ್ಪಳವನ್ನು ಗಾಳಿ ವಿದ್ಯುತ್ ವಲಯ ಎಂದು ಗುರುತಿಸಿ, ಅಲ್ಲಿಂದ ಧಾರವಾಡ ಹತ್ತಿರದ ನರೇಂದ್ರಕ್ಕೆ 2,500 ಮೆಗಾವಾಟ್ ಸಾಗಿಸುವ ಲೆಕ್ಕದಲ್ಲಿ ದೊಡ್ಡ ಲೈನ್ ಎಳೆದಿದ್ದಾರೆ. ಹಳೆಯದೂ ಹೊಸದೂ ಒಂದೇ ಸೀಮೆಯಲ್ಲಿ.

ಸುದ್ದಿಗಳಲ್ಲಿ ಮೊದಲು ದಾರಿ ತಪ್ಪುವುದು ಮೆಗಾವಾಟ್ ಲೆಕ್ಕದಲ್ಲಿ. ಮೆಗಾವಾಟ್ ಎಂದರೆ ಯಂತ್ರಕ್ಕೆ ಎಷ್ಟು ತಾಕತ್ತಿದೆ ಎಂಬುದು. ಎಷ್ಟು ಹೊತ್ತು ದುಡಿಯಿತು ಎಂಬುದು ಅದರಲ್ಲಿ ಇರುವುದಿಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಆರ್‌ಟಿಪಿಎಸ್‌ಗಿಂತ ದೊಡ್ಡದು. ಆದರೆ ಸೋಲಾರ್ ರಾತ್ರಿ ಮಲಗುತ್ತದೆ, ಮೋಡ ಬಂದರೆ ತೂಕಡಿಸುತ್ತದೆ. ವರ್ಷದ ಸರಾಸರಿಯಲ್ಲಿ ತನ್ನ ತಾಕತ್ತಿನ ನೂರಕ್ಕೆ 22ರಷ್ಟು ದುಡಿಯಿತು ಎಂದಿಟ್ಟುಕೊಂಡರೆ ಪಾವಗಡದಿಂದ ಸುಮಾರು 395 ಕೋಟಿ ಯೂನಿಟ್ ಬರುತ್ತದೆ. ಆರ್‌ಟಿಪಿಎಸ್ ನೂರಕ್ಕೆ 60ರಷ್ಟು ಓಡಿದರೂ 904 ಕೋಟಿ ಯೂನಿಟ್. ಸಣ್ಣದು ಎನಿಸಿದ ಸ್ಥಾವರ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟಿತು. ದೇಶದ ಮಟ್ಟದಲ್ಲೂ ಹೀಗೇ. ಸಾಮರ್ಥ್ಯದಲ್ಲಿ ಅರ್ಧ ದಾಟಿದರೂ, 2024-25ರಲ್ಲಿ ಉತ್ಪಾದನೆಯಾದ ಯೂನಿಟ್‌ಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಬಂದದ್ದು ಕಲ್ಲಿದ್ದಲಿನಿಂದ. ಸೋಲಾರ್ ಪಾಲು 8ರ ಆಸುಪಾಸು.

ಹಾಗಂತ ಸೋಲಾರ್ ಬರೀ ಪ್ರಚಾರ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಹದಿನೈದು ವರ್ಷದ ಹಿಂದೆ ಈ ಎಂಟು ಎಂಬುದು ಸೊನ್ನೆ ಇತ್ತು. 2010ರ ಜನವರಿಯಲ್ಲಿ ರಾಷ್ಟ್ರೀಯ ಸೋಲಾರ್ ಮಿಷನ್ ಶುರುವಾದಾಗ 2022ಕ್ಕೆ 20 ಸಾವಿರ ಮೆಗಾವಾಟ್ ಎಂಬ ಗುರಿಯೇ ದೊಡ್ಡದು ಅನ್ನಿಸಿತ್ತು. ಆಗ ಹರಾಜಿನಲ್ಲಿ ಯೂನಿಟ್‌ಗೆ ಹತ್ತು, ಹನ್ನೆರಡು ರೂಪಾಯಿ ಕೂಗಿದ್ದರು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಬಂತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ. ಪ್ಯಾನೆಲ್ ಬೆಲೆ ಚೀನಾದಲ್ಲಿ ಬಿತ್ತು, ಸಾಲ ಅಗ್ಗವಾಯಿತು, ಸರಕಾರವೇ ಜಾಗ ಮತ್ತು ಲೈನ್ ಸಿದ್ಧ ಮಾಡಿಕೊಟ್ಟಿತು. ಆಮೇಲೆ ಆಮದು ಸುಂಕ ಬಂದು ದರ ಸ್ವಲ್ಪ ಏರಿತು. ಆದರೂ ಇವತ್ತು ಹೊಸ ಕಲ್ಲಿದ್ದಲು ಸ್ಥಾವರ ಕಟ್ಟಿ, ಹಗಲು ಹೊತ್ತಿನಲ್ಲಿ ಸೋಲಾರ್‌ಗಿಂತ ಅಗ್ಗಕ್ಕೆ ಕರೆಂಟ್ ಕೊಡುತ್ತೇನೆ ಎಂದು ಯಾರೂ ಹೇಳಲಾರರು.

ಹಗಲು ಹೊತ್ತಿನಲ್ಲಿ. ಇಡೀ ಗಂಟು ಇರುವುದು ಇಲ್ಲೇ.

ಏಳು ಗಂಟೆಯ ಪ್ರಶ್ನೆ

ಏಪ್ರಿಲ್ ತಿಂಗಳ ಒಂದು ದಿನವನ್ನು ತೆಗೆದುಕೊಳ್ಳಿ. ಬೆಳಗ್ಗೆ ಎಂಟರ ಹೊತ್ತಿಗೆ ಸೋಲಾರ್ ಏರುತ್ತದೆ, ಹನ್ನೆರಡೂವರೆಗೆ ತುದಿ ಮುಟ್ಟುತ್ತದೆ. ಆಗ ರಾಜ್ಯದ ಗ್ರಿಡ್‌ನಲ್ಲಿ ಕರೆಂಟ್ ಸಾಕಷ್ಟಿರುತ್ತದೆ. ಕರೆಂಟ್ ಕೊಳ್ಳುವ, ಮಾರುವ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಆ ಹೊತ್ತಿನ ದರ ಬೀಳುತ್ತದೆ, 2025ರ ಮೇ ತಿಂಗಳಲ್ಲಿ ಕೆಲವು ಗಂಟೆ ಹತ್ತಿರ ಹತ್ತಿರ ಸೊನ್ನೆಗೇ ಬಂದಿತ್ತು. ಸಂಜೆ ಆರೂವರೆಗೆ ಸೋಲಾರ್ ಮುಗಿಯಿತು. ರಾಯಚೂರಿನಲ್ಲಿ ಆಗಲೂ ಗೋಡೆಗಳು ಕಾದೇ ಇರುತ್ತವೆ. ಮನೆ ಮನೆಯಲ್ಲಿ ಫ್ಯಾನ್, ಕೂಲರ್, ಈಗೀಗ ಎಸಿ. ಟಿವಿ, ಅಂಗಡಿಗಳ ದೀಪ, ಮಿಕ್ಸಿ ಎಲ್ಲ ಒಟ್ಟಿಗೆ. ಅದೇ ವಿನಿಮಯ ಕೇಂದ್ರದಲ್ಲಿ ದರ ಏರಿ, ಸರಕಾರ ಕಟ್ಟಿರುವ 10 ರೂಪಾಯಿಯ ಮಿತಿಯನ್ನೂ ಮುಟ್ಟುವ ಸಂಜೆಗಳಿವೆ. ಒಂದೇ ದಿನ, ಅದೇ ತಂತಿ, ಅದೇ ಯೂನಿಟ್. ಮಧ್ಯಾಹ್ನ ಕೇಳುವವರಿಲ್ಲ, ಸಂಜೆ ಸಿಗುವುದಿಲ್ಲ.

ಗಾಳಿ ಇಲ್ಲವೇ ಎಂದು ಕೇಳಬಹುದು. ಇದೆ. ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿ ಯಂತ್ರಗಳು ಮುಂಗಾರಿನಲ್ಲಿ ಚೆನ್ನಾಗಿ ತಿರುಗುತ್ತವೆ, ಸೂರ್ಯ ಮುಳುಗಿದ ಮೇಲೂ ತಿರುಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಬಿಟ್ಟ ಜಾಗವನ್ನು ಗಾಳಿ ಒಂದಿಷ್ಟು ತುಂಬುತ್ತದೆ. ಶರಾವತಿ, ಕಾಳಿಯ ನೀರೂ ಆಗ ಕೈಗೆ ಬರುತ್ತದೆ. ಕಷ್ಟ ಇರುವುದು ಮಾರ್ಚ್‌ನಿಂದ ಮೇವರೆಗಿನ ಸಂಜೆಗಳಲ್ಲಿ. ಬಿಸಿಲು ಮುಗಿದಿರುತ್ತದೆ, ಗಾಳಿ ಇನ್ನೂ ಶುರುವಾಗಿರುವುದಿಲ್ಲ, ಜಲಾಶಯಗಳು ತಳ ಕಂಡಿರುತ್ತವೆ. ಆ ನಾಲ್ಕೈದು ಗಂಟೆಯನ್ನು ಹೊರುವುದು ಶಕ್ತಿನಗರ, ಕುಡತಿನಿ, ಯರಮರಸ್. 2023ರಲ್ಲಿ ಮಳೆ ಕೈಕೊಟ್ಟಾಗ ಈ ಕಷ್ಟ ಅಕ್ಟೋಬರ್‌ನಲ್ಲೇ ಬಂತು. ನೀರಿನ ಕರೆಂಟ್ ಇಲ್ಲ, ಪಂಪ್‌ಸೆಟ್ ಬೇಡಿಕೆ ಮಾತ್ರ ಬೇಸಿಗೆಯಷ್ಟು. ರಾಜ್ಯ ಸರಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ತನಗೇ ಕರೆಂಟ್ ಮಾರಬೇಕು ಎಂದು ಆದೇಶ ಮಾಡಬೇಕಾಯಿತು.

ಹಾಗಾದರೆ ಥರ್ಮಲ್ ಸ್ಥಾವರವನ್ನು ಮಧ್ಯಾಹ್ನ ಆರಿಸಿ ಸಂಜೆ ಹಚ್ಚಬಹುದಲ್ವಾ? ಅಷ್ಟು ಸಲೀಸಲ್ಲ. ಬಾಯ್ಲರ್ ಎಂದರೆ ಗ್ಯಾಸ್ ಸ್ಟೌ ಅಲ್ಲ, ಕಟ್ಟಿಗೆ ಒಲೆ. ಹೊತ್ತಿಸಲು ಹೊತ್ತು ಬೇಕು, ಆರಿಸಿ ಮತ್ತೆ ಹೊತ್ತಿಸಿದರೆ ಖರ್ಚು ಬೀಳುತ್ತದೆ. ತಣ್ಣಗಾದ ಘಟಕವನ್ನು ಮತ್ತೆ ಪೂರ್ತಿ ಓಡಿಸಲು ಎಷ್ಟೋ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ದುಬಾರಿ ಎಣ್ಣೆ ಸುಡಬೇಕು. ಆದ್ದರಿಂದ ಮಧ್ಯಾಹ್ನ ಪೂರ್ತಿ ಆರಿಸುವುದಿಲ್ಲ, ಉರಿ ತಗ್ಗಿಸುತ್ತಾರೆ. ಅದಕ್ಕೂ ಮಿತಿಯಿದೆ. ಈಗಿನ ನಿಯಮದಲ್ಲಿ ನೂರಕ್ಕೆ 55ರವರೆಗೆ ಇಳಿಸಬೇಕು. ಅದನ್ನು 40ಕ್ಕೆ ಇಳಿಸುವಂತೆ ಯಂತ್ರಗಳನ್ನು ಬದಲಿಸಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಹೇಳಿದೆ. ಎಂಬತ್ತರ ದಶಕದ ಘಟಕಗಳು ಇಂಥ ಕೆಲಸಕ್ಕೆ ಹುಟ್ಟಿದವಲ್ಲ. ದಿನವೂ ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿದರೆ ಕೊಳವೆಗಳು ಬಿರುಕು ಬಿಡುತ್ತವೆ, ಕಲ್ಲಿದ್ದಲು ಯೂನಿಟ್‌ಗೆ ಜಾಸ್ತಿ ಬೇಕಾಗುತ್ತದೆ, ರಿಪೇರಿ ಖರ್ಚು ಏರುತ್ತದೆ. ಆರ್‌ಟಿಪಿಎಸ್‌ನಲ್ಲಿ ಘಟಕ ನಿಂತಿತು ಎಂಬ ಸುದ್ದಿ ಓದಿದಾಗೆಲ್ಲ ಬರೀ ಬೇಜವಾಬ್ದಾರಿ ಎಂದು ಬೈಯುವ ಮುಂಚೆ ಇದನ್ನೂ ನೆನೆಯಬೇಕು.

ನನ್ನ ಮಟ್ಟಿಗೆ ಮುಖ್ಯ ವಿಷಯ ಇದು. ಸೋಲಾರ್ ಇದುವರೆಗೆ ಕಲ್ಲಿದ್ದಲನ್ನು ಓಡಿಸಿಲ್ಲ, ಅದರ ಪಾಳಿಯನ್ನು ಬದಲಿಸಿದೆ. ಹಗಲು ಪಾಳಿ ಸೋಲಾರ್‌ಗೆ ಹೋಯಿತು, ರಾತ್ರಿ ಪಾಳಿ ಶಕ್ತಿನಗರದ ಪಾಲಿಗೆ ಉಳಿಯಿತು. ಇನ್ನೆಷ್ಟು ಮೆಗಾವಾಟ್ ಪ್ಯಾನೆಲ್ ಹಾಕುತ್ತೇವೆ ಎಂಬುದಕ್ಕಿಂತ ಸಂಜೆ ಏಳರಿಂದ ಹನ್ನೊಂದರ ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷ ನಿಂತಿದೆ.

ಮಾರುಕಟ್ಟೆಗೆ ಇದು ಈಗಾಗಲೇ ಗೊತ್ತಾಗಿದೆ. 2025ರಲ್ಲಿ ಹರಾಜು ಮುಗಿದ 40 ಸಾವಿರ ಮೆಗಾವಾಟ್‌ಗಿಂತ ಜಾಸ್ತಿ ಯೋಜನೆಗಳಿಗೆ ಕೊಳ್ಳುವ ರಾಜ್ಯಗಳೇ ಸಿಗದೆ ಒಪ್ಪಂದ ಬಾಕಿ ಉಳಿದವು. ಬರೀ ಮಧ್ಯಾಹ್ನದ ಕರೆಂಟ್ ಯಾರಿಗೂ ಬೇಡ. ಬ್ಯಾಟರಿ ಸೇರಿಸಿ ಕೊಡುತ್ತೇನೆ ಎಂದವರಿಗೆ ಗಿರಾಕಿ ಇದ್ದಾರೆ. ಬ್ಯಾಟರಿಯ ಬಾಡಿಗೆ ದರವೂ ಬಿದ್ದಿದೆ. 2022ರ ಹರಾಜಿನಲ್ಲಿ ಮೆಗಾವಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿದ್ದದ್ದು 2025ರ ಹೊತ್ತಿಗೆ ಸರಕಾರದ ನೆರವೂ ಸೇರಿ 2 ಲಕ್ಷದ ಆಸುಪಾಸಿಗೆ ಬಂದಿದೆ. ಇನ್ನೊಂದು ದಾರಿ ನೀರನ್ನು ಮೇಲಕ್ಕೆ ಎತ್ತಿಟ್ಟು ಸಂಜೆ ಬಿಡುವ ಪಂಪ್ಡ್ ಸ್ಟೋರೇಜ್. ಪಕ್ಕದ ಕರ್ನೂಲು ಸೀಮೆಯ ಪಿನ್ನಾಪುರದಲ್ಲಿ 1,680 ಮೆಗಾವಾಟ್‌ನ ಯೋಜನೆ ಇದೇ ಕೆಲಸಕ್ಕೆ. ನಮ್ಮ ರಾಜ್ಯದ ಶರಾವತಿ ಯೋಜನೆಗೆ ಕಾಡಿನ ಕಾರಣಕ್ಕೆ ವಿರೋಧ ಇದೆ, ಆ ವಿರೋಧದಲ್ಲಿ ಹುರುಳೂ ಇದೆ.

ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದ ಗ್ರಿಡ್ ಜೊತೆ ಒಂದೇ ತಾಳದಲ್ಲಿ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆವಿ ಲೈನ್ ಮೂಲಕ. ದೇಶಕ್ಕೆ ಒಂದೇ ಗ್ರಿಡ್ ಎನ್ನುವ ಮಾತು ನಿಜವಾದದ್ದು ನಮ್ಮೂರಿನ ಕಂಬಗಳ ಮೇಲೆ. ಅದು ಇಲ್ಲದಿದ್ದರೆ ಮಧ್ಯಾಹ್ನ ಹೆಚ್ಚಾದ ದಕ್ಷಿಣದ ಸೋಲಾರ್ ಹೊರಗೆ ಹೋಗುವುದೂ, ಸಂಜೆ ಕಡಿಮೆ ಬಿದ್ದದ್ದು ಒಳಗೆ ಬರುವುದೂ ಕಷ್ಟವಿತ್ತು. ಇಷ್ಟು ದೊಡ್ಡ ಸಂಗತಿಗೆ ರಾಯಚೂರಿನಲ್ಲಿ ಒಂದು ಬೋರ್ಡೂ ಕಣ್ಣಿಗೆ ಬಿದ್ದಿಲ್ಲ ನನಗೆ. ಇರಲಿ.

ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿಯೇ?

ನಮ್ಮ ಕಡೆ ಬಿಸಿಲಿಗೇನು ಬರ, ಪ್ಯಾನೆಲ್ ಹಾಕಿದರೆ ಬಂಗಾರ ಎನ್ನುವವರು ಬಹಳ. ಪ್ಯಾನೆಲ್‌ಗೆ ಬೇಕಿರುವುದು ಬೆಳಕು. ಶಾಖ ಅದಕ್ಕೆ ಆಗುವುದಿಲ್ಲ. ಪ್ಯಾನೆಲ್ ಮೇಲೆ ಬರೆದಿರುವ ವಾಟ್ ಲೆಕ್ಕ 25 ಡಿಗ್ರಿಯದ್ದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟುತ್ತದೆ. ಒಂದೊಂದು ಡಿಗ್ರಿಗೆ ನೂರಕ್ಕೆ 0.35ರಷ್ಟು ಇಳಿಯುತ್ತದೆ ಎಂದರೆ ಒಟ್ಟು 12ರಷ್ಟು ಖೋತಾ. ಎಷ್ಟೋ ಸಲ ಜನವರಿಯ ತಂಪು ಬಿಸಿಲೇ ಪ್ಯಾನೆಲ್‌ಗೆ ಹಿತ. ಇನ್ನು ದೂಳು. ಗಿಣಿಗೇರಿ ಸುತ್ತ ಸ್ಪಾಂಜ್ ಐರನ್ ಫ್ಯಾಕ್ಟರಿಗಳ ಕಪ್ಪು ಪುಡಿ, ಬಳ್ಳಾರಿ ಕಡೆ ಅದಿರಿನ ಕೆಂಪು ಪುಡಿ, ಶಕ್ತಿನಗರದ ಬೂದಿ. ತೊಳೆಯದಿದ್ದರೆ ಪ್ಯಾನೆಲ್ ಕುರುಡಾಗುತ್ತದೆ. ತೊಳೆಯಲು ನೀರು ಬೇಕು.

ಆದರೂ ನೀರಿನ ಲೆಕ್ಕದಲ್ಲಿ ಸೋಲಾರ್‌ಗೆ ಎದುರಿಲ್ಲ. ಹಳೆಯ ಥರ್ಮಲ್ ಸ್ಥಾವರಗಳಿಗೆ ಪರಿಸರ ಇಲಾಖೆ 2015ರಲ್ಲಿ ಹಾಕಿದ ಮಿತಿ, ಯೂನಿಟ್‌ಗೆ ಮೂರೂವರೆ ಲೀಟರ್. ಮೇಲೆ ಹೇಳಿದ 904 ಕೋಟಿ ಯೂನಿಟ್‌ಗೆ ಗುಣಿಸಿದರೆ ವರ್ಷಕ್ಕೆ ಒಂದು ಟಿಎಂಸಿಗಿಂತ ಸ್ವಲ್ಪ ಜಾಸ್ತಿ, ಅದೂ ಮಿತಿಯೊಳಗೆ ನಡೆದರೆ. ತುಂಗಭದ್ರಾ ಎಡದಂಡೆಯ ಕೊನೆ ಭಾಗದಲ್ಲಿ, ಮಾನ್ವಿ, ಸಿರವಾರ ಕಡೆ, ಒಂದು ಟಿಎಂಸಿಗಾಗಿ ಎಷ್ಟು ಪ್ರತಿಭಟನೆ ಆಗುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕಲ್ಲಿದ್ದಲು ಯೂನಿಟ್‌ಗೆ 700 ಗ್ರಾಂ ಎಂದಿಟ್ಟರೆ 63 ಲಕ್ಷ ಟನ್. ಅದರಲ್ಲಿ ಮೂರನೇ ಒಂದು ಭಾಗ ಬೂದಿಯೇ.

ಜಾಗದ ಲೆಕ್ಕದಲ್ಲಿ ಮಾತ್ರ ಸೋಲಾರ್ ಸೋಲುತ್ತದೆ. ಅಷ್ಟೇ ಯೂನಿಟ್ ಸೋಲಾರ್‌ನಿಂದ ತೆಗೆಯಲು ಸುಮಾರು 4,700 ಮೆಗಾವಾಟ್ ಬೇಕು. ಪಾವಗಡದಲ್ಲಿ ಹಿಡಿದ ಜಾಗದ ಪ್ರಕಾರ ಸುಮಾರು 30 ಸಾವಿರ ಎಕರೆ.

ಹೊಲ ಕೊಟ್ಟವರು, ಕೆಲಸ ಕಳೆದುಕೊಂಡವರು

ಪಾವಗಡ ನಮಗೆ ಕಣ್ಣೆದುರಿನ ಪಾಠ. ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯನ್ನು ಕೊಂಡುಕೊಳ್ಳದೆ 28 ವರ್ಷಕ್ಕೆ ಲೀಸ್‌ಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಸಾಲ ಮಾಡಿಕೊಳ್ಳುತ್ತಿದ್ದ ರೈತನಿಗೆ ಇದು ಸಣ್ಣ ಮಾತಲ್ಲ. ಹೊಲ ಅವನ ಹೆಸರಿನಲ್ಲೇ ಉಳಿಯಿತು ಎಂಬುದು ಇನ್ನೂ ದೊಡ್ಡದು. ಆದರೆ ಹೊಲ ಇಲ್ಲದವರ ಕೈಗೆ ಏನೂ ಬರಲಿಲ್ಲ. ಕಳೆ ತೆಗೆಯುವ, ಕೊಯ್ಯುವ ಕೂಲಿ ಹೋಯಿತು, ದನ ಕುರಿ ಮೇಯಿಸುವ ಜಾಗಕ್ಕೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯಲು, ಹುಲ್ಲು ಕೀಳಲು, ಕಾವಲು ಕಾಯಲು ಕೆಲವರಿಗೆ ಕೆಲಸ ಸಿಕ್ಕಿತು, ಅಷ್ಟೇ.

ರಾಯಚೂರಿಗೆ ಇದನ್ನು ಹೊಂದಿಸಿ ನೋಡಿ. ಶಕ್ತಿನಗರದ ಸುತ್ತ ಕಾಯಂ ನೌಕರರು, ಗುತ್ತಿಗೆ ಕಾರ್ಮಿಕರು, ಬೂದಿ ಲಾರಿಯವರು, ಬೂದಿ ಇಟ್ಟಿಗೆ ಮಾಡುವವರು, ಅವರನ್ನು ನಂಬಿದ ಚಹಾದಂಗಡಿ ಎಲ್ಲ ಇವೆ. ಬೂದಿಗೆ ಕೆಮ್ಮಿದವರೂ ಅದೇ ಜನ, ಬೂದಿಯಿಂದ ಹೊಟ್ಟೆ ತುಂಬಿಕೊಂಡವರೂ ಅದೇ ಜನ. ಸೋಲಾರ್ ಇಷ್ಟು ಕೈಗಳಿಗೆ ಕೆಲಸ ಕೊಡುವುದಿಲ್ಲ. ಬರುವ ದುಡ್ಡು ಬಾಡಿಗೆಯಾಗಿ ಪಹಣಿ ಇದ್ದವನಿಗೆ ಹೋಗುತ್ತದೆ. ಪಹಣಿ ಇಲ್ಲದವನಿಗೆ ಏನು ಎಂಬ ಪ್ರಶ್ನೆಗೆ ಯಾವ ಸೋಲಾರ್ ನೀತಿಯಲ್ಲೂ ನೇರ ಉತ್ತರ ನಾನು ಕಂಡಿಲ್ಲ. ಇನ್ನೊಂದು ಆತಂಕ, ಎರೆ ಭೂಮಿಯದ್ದು. ಮಸಾರಿ, ಕಲ್ಲು ಗುಡ್ಡಗಳಲ್ಲಿ ಪ್ಯಾನೆಲ್ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ಹತ್ತಿ, ಕಡಲೆ, ಜೋಳ ಬೆಳೆಯುವ ಎರೆಯನ್ನು ಸಬ್‌ಸ್ಟೇಷನ್ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಬೇಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ನನಗೆ ದೊಡ್ಡ ಪಾರ್ಕ್‌ಗಳಿಗಿಂತ ಸಣ್ಣವು ಹಿಡಿಸುತ್ತವೆ. 2019ರಲ್ಲಿ ಶುರುವಾದ, ಪಂಪ್‌ಸೆಟ್‌ಗಳಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಯೋಜನೆ ಪಿಎಂ ಕುಸುಮ್‌ನ ಒಂದು ಭಾಗದಲ್ಲಿ ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ನಾಲ್ಕೈದು ಮೆಗಾವಾಟ್ ಸೋಲಾರ್ ಹಾಕಿ, ಅಲ್ಲಿಂದ ಹೊರಡುವ ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ತ್ರೀ ಫೇಸ್ ಕೊಡಬಹುದು. ಕರ್ನಾಟಕದಲ್ಲಿ 30 ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗೆ ಬಿಲ್ ಇಲ್ಲ, ಆ ದುಡ್ಡನ್ನು ಸರಕಾರ ಕರೆಂಟ್ ಹಂಚುವ ಎಸ್ಕಾಂ ಕಂಪನಿಗಳಿಗೆ ಕಟ್ಟಬೇಕು. ವರ್ಷಗಟ್ಟಲೆ ಈ ಕರೆಂಟ್ ರಾತ್ರಿ ಬರುತ್ತಿತ್ತು. ಹಾವು, ಚೇಳು, ಒದ್ದೆ ಸ್ಟಾರ್ಟರ್ ಬಾಕ್ಸ್ ಎಲ್ಲದರ ನಡುವೆ ನೀರು ಕಟ್ಟಬೇಕಿತ್ತು. ಬೇಡಿಕೆಯನ್ನೇ ಬಿಸಿಲಿನ ಹೊತ್ತಿಗೆ ಎಳೆದು ತಂದರೆ ಬ್ಯಾಟರಿಯ ಖರ್ಚೇ ಇಲ್ಲ. ದೇಶದಲ್ಲಿ ಎಷ್ಟೋ ರಾಜ್ಯಗಳು ಈಗ ಯೋಚಿಸುತ್ತಿರುವ ಈ ಕೆಲಸವನ್ನು ಕರ್ನಾಟಕ ಸಾಕಷ್ಟು ಮೊದಲೇ ಶುರು ಮಾಡಿತು. ಒಂದು ಅಪಾಯ ಇದೆ. ಹಗಲೆಲ್ಲ ಪುಕ್ಕಟೆ ಕರೆಂಟ್ ಸಿಕ್ಕರೆ ಬೋರ್‌ವೆಲ್ ತಳ ಬೇಗ ಕಾಣುತ್ತದೆ. ಕಾಲುವೆ ಕೆಳಗಿನ ಸಿಂಧನೂರಿಗಿಂತ ಲಿಂಗಸುಗೂರು, ಕುಷ್ಟಗಿಯ ಒಣ ಹಳ್ಳಿಗಳಲ್ಲಿ ಇದು ಜಾಸ್ತಿ.

ಮನೆ ಮೇಲಿನ ಸೋಲಾರ್ ಬಗ್ಗೆ ಒಂದೇ ಮಾತು. 2024ರ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಸೊನ್ನೆ. ಸೊನ್ನೆ ಬಿಲ್ ಬರುವವನು ಸುಮ್ನೆ ಸಾಲ ಮಾಡಿ ಪ್ಯಾನೆಲ್ ಯಾಕೆ ಹಾಕಿಸುತ್ತಾನೆ? ಗೃಹಜ್ಯೋತಿ ತಪ್ಪು ಎನ್ನುತ್ತಿಲ್ಲ. ಪ್ರತಿ ತಿಂಗಳು ಬಿಲ್‌ಗೆ ಕಟ್ಟುವ ದುಡ್ಡಿನಲ್ಲಿ ಒಂದು ಪಾಲನ್ನು ಅದೇ ಮನೆಗಳ ಮೇಲಿನ ಪ್ಯಾನೆಲ್‌ಗೆ ಹಾಕಿದರೆ ಕೆಲವು ವರ್ಷದಲ್ಲಿ ಸರಕಾರಕ್ಕೇ ಉಳಿತಾಯ ಎನ್ನುತ್ತಿದ್ದೇನೆ. ನಮ್ಮಲ್ಲಿ ನಿಜವಾದ ಚಾವಣಿಗಳು ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳವು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ಗಳವು, ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್‌ಗಳವು. ಕೆಲಸ ನಡೆಯುವುದು ಹಗಲಲ್ಲೇ ಜಾಸ್ತಿ. ಬಿಲ್ ಕಟ್ಟುವುದೂ ದುಬಾರಿ ದರದಲ್ಲಿ. ಹಗಲಿನ ಸೋಲಾರ್ ಗಂಟೆಗಳಿಗೆ ಕಡಿಮೆ ದರ, ಸಂಜೆಗೆ ಜಾಸ್ತಿ ದರ ಇಡಬೇಕು ಎಂದು ಕೇಂದ್ರ 2023ರಲ್ಲೇ ನಿಯಮ ತಿದ್ದಿದೆ. ಅದು ಬಿಲ್‌ನಲ್ಲಿ ಸರಿಯಾಗಿ ಕಂಡರೆ ಮಿಲ್‌ನವರು ಯಾರೂ ಹೇಳದೆಯೇ ಪಾಳಿ ಬದಲಿಸುತ್ತಾರೆ.

ಶಕ್ತಿನಗರದ ಮೊದಲ ಘಟಕಗಳಿಗೆ ನಲವತ್ತು ವರ್ಷವಾಯಿತು. ಅವು ಇವತ್ತಲ್ಲ ನಾಳೆ ನಿಲ್ಲುತ್ತವೆ. ಆದರೆ ಅಲ್ಲಿನ ಸ್ವಿಚ್‌ಯಾರ್ಡ್, ಎಲ್ಲ ದಿಕ್ಕಿಗೂ ಹೊರಟ ಲೈನ್‌ಗಳು, ಕೈಯಲ್ಲಿರುವ ಜಾಗ ಇವೆಲ್ಲ ಹೊಸದಾಗಿ ಕಟ್ಟಲು ಹೊರಟರೆ ವರ್ಷಗಟ್ಟಲೆ ಹಿಡಿಯುವಂಥವು. ಮಧ್ಯಾಹ್ನ ತುಂಬಿಕೊಂಡು ಸಂಜೆ ಬಿಡುವ ಬ್ಯಾಟರಿಗಳಿಗೆ ಇದಕ್ಕಿಂತ ಒಳ್ಳೆಯ ತಾವು ಹುಡುಕುವುದು ಕಷ್ಟ. ರೈತರ ಹೊಸ ಹೊಲ ಕೇಳುವ ಮುಂಚೆ ಈ ಜಾಗದ ಲೆಕ್ಕ ತೆಗೆಯಬೇಕು, ಅಲ್ಲಿನ ಗುತ್ತಿಗೆ ಕಾರ್ಮಿಕರನ್ನು ಹೊಸ ಕೆಲಸಕ್ಕೆ ಈಗಿನಿಂದಲೇ ತಯಾರು ಮಾಡಬೇಕು.

ಇನ್ನು ಲೀಸ್ ಕಾಗದ ಹಿಡಿದು ಮಧ್ಯವರ್ತಿಗಳು ಹಳ್ಳಿಗೆ ಬಂದಾಗ ಎಕರೆಗೆ ಎಷ್ಟು ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ. ಏರಿಕೆ ಎಷ್ಟು ವರ್ಷಕ್ಕೊಮ್ಮೆ, ಕಂಪನಿ ಕೈ ಬದಲಾದರೆ ಬಾಡಿಗೆ ಯಾರು ಕೊಡುತ್ತಾರೆ, ಕಾಗದಕ್ಕೆ ಸಹಿ ಹಾಕಿ ಪ್ಯಾನೆಲ್ ಹಾಕದೆ ವರ್ಷಗಟ್ಟಲೆ ಬಿಟ್ಟರೆ ಹೊಲ ಬಿತ್ತಬಹುದೇ ಎಂದು ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಕಲಮು ಓದಿ. 25, 28 ವರ್ಷ ಆದ ಮೇಲೆ ಪ್ಯಾನೆಲ್, ಕಬ್ಬಿಣ, ನೆಲದೊಳಗಿನ ಕಾಂಕ್ರೀಟ್ ಕಿತ್ತು ಹೊಲವನ್ನು ಮೊದಲಿನಂತೆ ಮಾಡಿಕೊಡುವ ಖರ್ಚು ಯಾರದು? ಈಗಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಹಾಳಾದ ಪ್ಯಾನೆಲ್‌ಗಳನ್ನು 2034-35ರವರೆಗೆ ತಯಾರಕರು ಕೂಡಿಟ್ಟುಕೊಳ್ಳಬೇಕು ಎಂದಿದೆ. ನಿಮ್ಮ ಹೊಲದ ಲೀಸ್ ಮುಗಿಯುವುದು ಅದಾಗಿ ಹದಿನೈದು, ಇಪ್ಪತ್ತು ವರ್ಷಕ್ಕೆ. ಅಷ್ಟು ಹೊತ್ತಿಗೆ ಆ ಕಂಪನಿ ಇರುತ್ತದೋ ಇಲ್ಲವೋ. ಕೀಳುವ ಖರ್ಚಿಗೆ ಈಗಲೇ ಒಂದಿಷ್ಟು ಠೇವಣಿ ಇಡಿಸಿಕೊಂಡು, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.